ಗೇಟಿನವರೆಗಿನ ಹಾಡು

ಏಳನೆಯ ಪ್ರಶ್ನೆಗೆ ತಾನು ಬರೆದದ್ದು ಸುಳ್ಳು ಎಂಬುದು ಇವತ್ತು ಹನ್ನೊಂದೂವರೆಗೆ ಬಯಲಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸದ್ಯಕ್ಕೆ ಮಾತ್ರ ಅವಳು ಮಂಚದ ಕೆಳಗೆ ತಲೆ ತೂರಿಸಿ ಅಪ್ಪನ ಒಂದು ಕಾಲುಚೀಲ ಹುಡುಕುತ್ತಿದ್ದಳು.

"ಎಲ್ಲಿ ನೋಡ್ತಿದ್ದೀಯ? ಕಣ್ಣಿದ್ದೂ ಕುರುಡಿ," ಎಂದ ಅಪ್ಪ ಮೇಲಿನಿಂದ.

ಕಾಲುಚೀಲ ಅಪ್ಪನ ಕೈಯಲ್ಲೇ ಇತ್ತು. ಹೊರಗೆ ಬಂದ ಮೇಲೆ ನೋಡಿದಳು, ಹೇಳಲಿಲ್ಲ. ಹೇಳಿದರೆ ಕಿಟಕಿಯಿಂದ ಆಚೆ ಎಸೆಯುತ್ತಾನೆ. ಮೊನ್ನೆ ಹಾಗೆ ಎಸೆದ ಬನಿಯನ್ನನ್ನು ಪಕ್ಕದ ಮನೆಯಾಕೆ ನಾಲ್ಕು ಮಡಿಕೆ ಮಾಡಿ, ಬಹುಮಾನ ಕೊಡುವವಳ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಿದ್ದಳು.

ಫೋನು ಬಂತು. ತಮ್ಮ.

"ಅಕ್ಕ, ಹನ್ನೊಂದೂವರೆಗೆ ತಾನೆ? ಅಂಗಡೀಲಿ ಇವಳನ್ನ ಕೂರಿಸಿ ಬರ್ತೀನಿ. ಟೀಚರ್ ಹತ್ರ ನಿನ್ನೆ ಮಾತಾಡಿದೆ. ಆ ಹಾಡು ನೀನು ಫಾರಂನಲ್ಲಿ ಬರೆದೇ ಇಲ್ವಂತಲ್ಲ?"

"ಯಾವ ಹಾಡು?"

"ಯಾವ ಹಾಡು ಅಂದ್ರೆ? ಅಪ್ಪ ಗುನುಗ್ತಿದ್ರಲ್ಲ."

"ಓ. ಅದಾ."

"ಅದನ್ನ ನಾನೇ ಇವತ್ತು ಅಲ್ಲಿ ಹೇಳ್ತೀನಿ. ಅಪ್ಪ ನಿನ್ನ ಗುರುತು ಹಿಡೀದೆ ಇದ್ರೆ ಕೇಳು. ಸ್ವಂತ ಮಗಳನ್ನ ಮೇಡಂ ಮೇಡಂ ಅಂತಾರಲ್ಲ, ಕೇಳೋಕಾಗಲ್ಲ ಕಣೇ ನನಗೆ."

"ನೋಡೋಣ," ಎಂದು ಫೋನು ಇಟ್ಟಳು. ತಮ್ಮ ಒಳ್ಳೆಯವನು. ಇಂಥವರು ಒಳ್ಳೆಯದು ಮಾಡಲು ಹೊರಟರೆ ಯಾವ ನೆಪ ಹೇಳಿ ತಡೆಯುವುದು ಎಂದು ಅವಳಿಗೆ ತಿಳಿಯಲಿಲ್ಲ.

ಆ ಫಾರಂ ನಾಲ್ಕು ಪುಟದ್ದು. ಮೂರು ತಿಂಗಳ ಹಿಂದೆ ಹಗಲು ಕೇಂದ್ರದಲ್ಲಿ ಹಾಡಿನ ಟೀಚರ್ ಕೊಟ್ಟದ್ದು. ಮರೆವಿನ ಕಾಯಿಲೆಯವರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಒಟ್ಟಿಗೆ ಕೂರಿಸಿ ಹಾಡಿನಿಂದ ಉಪಚರಿಸುವುದು ಅವಳ ಕೆಲಸ. ಕತ್ತಿನ ಚೀಟಿಯಲ್ಲಿ ‘ಸಂಗೀತ ಚಿಕಿತ್ಸಕಿ’ ಎಂದಿದೆ. ಹಾಡಿನ ಟೀಚರ್ ಎಂಬುದು ಅಲ್ಲಿಗೆ ಬರುವ ಮುದುಕರು ಇಟ್ಟ ಹೆಸರು. ಏಳನೆಯ ಪ್ರಶ್ನೆ: ‘ನಿಮ್ಮವರು ಹರೆಯದಿಂದ ಹಾಡಿಕೊಳ್ಳುತ್ತಿದ್ದ ಹಾಡುಗಳು ಯಾವುವು?’ ಅವಳು ಐದು ಹಾಡು ಬರೆದಳು. ಐದೂ ಒಳ್ಳೆಯ ಹಾಡುಗಳು. ಅಪ್ಪ ಒಂದನ್ನೂ ಹಾಡಿಕೊಂಡವನಲ್ಲ. ಎಂಟನೆಯ ಪ್ರಶ್ನೆ: ‘ನೋಡಿಕೊಳ್ಳುತ್ತಿರುವ ನಿಮ್ಮ ಇಷ್ಟದ ಹಾಡು?’ ಎಷ್ಟು ಯೋಚಿಸಿದರೂ ಒಂದೂ ಹೊಳೆಯಲಿಲ್ಲ. ಅಲ್ಲೊಂದು ಗೆರೆ ಎಳೆದು ಸಹಿ ಹಾಕಿದಳು. ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ತರ್ಕಶಾಸ್ತ್ರ ಹೇಳಿಕೊಟ್ಟವಳು, ಈಗ ದೀರ್ಘ ರಜೆಯಲ್ಲಿರುವವಳು, ಒಂದು ಪ್ರಶ್ನೆಗೆ ಸುಳ್ಳು ಬರೆದು ಇನ್ನೊಂದಕ್ಕೆ ಗೆರೆ ಎಳೆದು, ಮೇಲಿನದೆಲ್ಲ ನಿಜವೆಂದು ಸಹಿ ಹಾಕಿದ್ದು ಹೀಗೆ.

ಅಪ್ಪನದು ಕನ್ನಡಕದ ಅಂಗಡಿ. ಈಗ ತಮ್ಮ ನಡೆಸುತ್ತಾನೆ. ಎದುರಿಗೆ ಗಿರಾಕಿ ಕೂತರೆ ಅಪ್ಪನ ಮಾತು ಬೆಣ್ಣೆಯಷ್ಟು ಮೆದು. ಕಿವಿಯ ಹಿಂದೆ ಒತ್ತುತ್ತದೆಯೇ, ಮೂಗಿನ ಮೇಲೆ ಭಾರವೇ, ಸಣ್ಣ ಅಕ್ಷರ ಓದಿ ನೋಡಿ, ಅವಸರವೇನಿಲ್ಲ. ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸುವುದು, ಹಾಕಿ ನೋಡುವುದು, ತೆಗೆದು ಮತ್ತೆ ಬಗ್ಗಿಸುವುದು. ಅಂಥ ಸಮಾಧಾನದ ಮನುಷ್ಯನನ್ನು ಕಂಡಿಲ್ಲ ಎಂದು ಗಿರಾಕಿಗಳು ಮನೆಯವರೆಗೆ ಬಂದು ಹೇಳಿಹೋಗುತ್ತಿದ್ದರು. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಅಂಗಡಿ ಮುಚ್ಚಿ ಬರುವಾಗ ಅಪ್ಪ ಗುನುಗುತ್ತಿದ್ದ. ಮಾತಿಲ್ಲದ, ಹೆಸರಿಲ್ಲದ ಒಂದು ಹಾಡು. ಬೀದಿಯ ತಿರುವಿನಲ್ಲಿ ಕೇಳಿಸಲು ಶುರುವಾಗುತ್ತಿತ್ತು. ಒಳಗೆ ಅಮ್ಮ ರೇಡಿಯೋ ಆರಿಸುತ್ತಿದ್ದಳು, ತಮ್ಮ ಚೆಂಡನ್ನು ಮಂಚದ ಕೆಳಗೆ ಒದೆಯುತ್ತಿದ್ದ, ಅವಳು ಪುಸ್ತಕ ತೆರೆದು ಸಿಕ್ಕಿದ ಪುಟಕ್ಕೆ ಕಣ್ಣು ನೆಡುತ್ತಿದ್ದಳು. ಗೇಟಿನ ಅಗುಳಿಯ ಮೇಲೆ ಕೈ ಬಿದ್ದದ್ದೇ ತಡ ಹಾಡು ನಿಲ್ಲುತ್ತಿತ್ತು. ಅರ್ಧದಲ್ಲೇ, ಪ್ರತಿ ದಿನ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಆಮೇಲೆ ಚಪ್ಪಲಿ ಬಿಡುವ ಸದ್ದು. ಆಮೇಲೆ, "ಏನು ನೋಡ್ತಾ ಕೂತಿದ್ದೀಯ? ಬಾಗಿಲು ತೆಗೆಯೋಕೆ ಬರಲ್ವಾ?"

ಅಪ್ಪ ಹೊಡೆದವನಲ್ಲ, ಕುಡಿದವನಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಒಂದು ಒಳ್ಳೆಯ ಮಾತು ಆಡಲಿಲ್ಲ, ಅಷ್ಟೆ. ಆರನೆಯ ತರಗತಿಯಲ್ಲಿ ಅವಳಿಗೆ ಕರಿಹಲಗೆ ಕಾಣುವುದಿಲ್ಲವೆಂದು ಗೊತ್ತಾದಾಗ, ಊರಿಗೆಲ್ಲ ಕನ್ನಡಕ ಕೊಟ್ಟವನ ಮಗಳಿಗೇ ಕಣ್ಣಿಲ್ಲವಲ್ಲ ಎಂದು ಅಪ್ಪನಿಗೆ ನಾಚಿಕೆಯಾಯಿತು. ಅವತ್ತಿನಿಂದ ಅವಳು ಕುರುಡಿ. ಈಗ ಅಪ್ಪನಿಗೆ ಎಂಬತ್ತೊಂದು. ಹೆಂಡತಿ ಸತ್ತದ್ದು ಮರೆತಿದೆ, ಅಂಗಡಿಯ ಬೀದಿ ಮರೆತಿದೆ, ಊಟವಾದದ್ದು ಊಟವಾದ ಕೂಡಲೆ ಮರೆಯುತ್ತದೆ. ಮಗಳೆಂಬ ಜಾಗದಲ್ಲಿ ಯಾರೋ ಒಬ್ಬಳಿದ್ದಾಳೆ ಎಂಬಷ್ಟು ಉಳಿದಿದೆ. ಬೈಯಲು ಅಷ್ಟು ಸಾಕಲ್ಲ.

ಗಂಟೆ ಹತ್ತಾಯಿತು. ಅಂಗಿ ಹಾಕಿಸಬೇಕು, ಕಾಲುಚೀಲ ಹಾಕಿಸಬೇಕು. ಹತ್ತಿರ ಹೋದರೆ ಮೊಣಕೈಯಿಂದ ತಳ್ಳುತ್ತಾನೆ. ಅವಳು ಫೋನು ತೆಗೆದುಕೊಂಡು, ಕಳ್ಳತನ ಮಾಡುವವಳ ಹಾಗೆ ಒಮ್ಮೆ ಕಿಟಕಿಯತ್ತ ನೋಡಿ, ಗುಂಡಿ ಒತ್ತಿದಳು.

*ಬಂದಿರಾ, ಬನ್ನಿ, ಕೂತುಕೊಳ್ಳಿ. ನೀವು ಬಂದದ್ದು ಬಲು ಸಂತೋಷ.*

ಹಾಡಿನ ಟೀಚರಿನ ದನಿ. ಕೇಂದ್ರದಲ್ಲಿ ಪ್ರತಿ ಸಲ ಮೊದಲು ಹಾಡುವ ಸ್ವಾಗತದ ಹಾಡು. ಮೊದಲ ದಿನ ಅಪ್ಪ ಅಲ್ಲಿಗೆ ಕಿರುಚಾಡುತ್ತ ಹೋಗಿದ್ದ. ಈ ಹಾಡು ಕೇಳಿದ್ದೇ ಸುಮ್ಮನಾದ. ಬೆನ್ನು ನೆಟ್ಟಗೆ ಮಾಡಿದ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ, ಪಕ್ಕದಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ಅವಳ ಕಡೆ ತಿರುಗಿ, "ಕೂತ್ಕೊಳ್ಳಿ ಮೇಡಂ, ನಿಂತೇ ಇದ್ದೀರಲ್ಲ," ಎಂದ. ಅವಳು ಕೂತಳು.

ಅವತ್ತೇ ಹಾಡನ್ನು ಯಾರಿಗೂ ಗೊತ್ತಾಗದಂತೆ ಫೋನಿನಲ್ಲಿ ಹಿಡಿದುಕೊಂಡಳು. ವಿದಾಯದ ಹಾಡನ್ನೂ. ಟೀಚರ್ ಎಲ್ಲರಿಗೂ ಹೇಳಿದ್ದಳು: ಈ ಎರಡು ಹಾಡು ಮನೆಯಲ್ಲಿ ಬೇಡ, ಇವು ಕೇಂದ್ರದ ಬಾಗಿಲು ಇದ್ದ ಹಾಗೆ, ಮನೆಯಲ್ಲಿ ಹಾಕಿದರೆ ಮನೆ ಯಾವುದು, ಹೊರಗು ಯಾವುದು ಎಂಬ ಉಳಿದಿರುವ ಅಷ್ಟು ಅಂದಾಜೂ ತಪ್ಪಿಹೋಗುತ್ತದೆ. ಅವಳು ತಲೆಯಾಡಿಸಿದ್ದಳು. ಮೊದಲು ಸ್ನಾನಕ್ಕೆ ಒಪ್ಪಿಸಲೆಂದು ಒಂದು ದಿನ ಹಾಕಿದಳು. ಆಮೇಲೆ ಮಧ್ಯಾಹ್ನ ಊಟಕ್ಕೆ. ಆಮೇಲೆ ನಾಲ್ಕು ಗಂಟೆಗೆ, ಯಾವ ಕಾರಣವೂ ಇಲ್ಲದೆ, ಬರೇ ಮಾತಾಡಲು.

ಅಪ್ಪ ಈಗ ಕಾಲು ನೀಡಿದ. ಅವಳು ಕಾಲುಚೀಲ ಹಾಕಿದಳು.

"ನಿಮಗ್ಯಾಕೆ ತೊಂದರೆ ಮೇಡಂ," ಎಂದ. ಆಮೇಲೆ ಮುಖ ಮುಂದೆ ತಂದು ಅವಳ ಕನ್ನಡಕವನ್ನೇ ನೋಡಿದ. "ಬಲಗಡೆ ಇಳಿದಿದೆ. ಕೊಡಿ ಇಲ್ಲಿ."

ಕನ್ನಡಕ ಕೊಟ್ಟಳು. ಕೋಣೆ ಮಸಕಾಯಿತು. ಮಸಕಿನೊಳಗೆ ಎರಡು ಕೈ ಕಡ್ಡಿಯನ್ನು ಉಜ್ಜಿ ಬಿಸಿ ಮಾಡುವುದು, ಬಗ್ಗಿಸುವುದು, ಅಂಗಿಯ ತುದಿಯಿಂದ ಗಾಜು ಒರೆಸುವುದು ಕಂಡಿತು. ಬೇರೆಲ್ಲ ಮರೆತ ಕೈ ಇದನ್ನು ಮರೆತಿರಲಿಲ್ಲ. ಅಪ್ಪ ತಾನೇ ಅವಳ ಕಿವಿಗೆ ಕಡ್ಡಿ ಏರಿಸಿದ, ಕೂದಲು ಸಿಕ್ಕಿಕೊಳ್ಳದ ಹಾಗೆ ಒಂದು ಬೆರಳಿನಿಂದ ಆಚೆ ಸರಿಸಿ.

"ಈಗ ಹೇಗೆ ಕಾಣಿಸ್ತಿದೆ?"

"ಚೆನ್ನಾಗಿ ಕಾಣಿಸ್ತಿದೆ."

"ಒತ್ತುತ್ತಾ? ಸಂಕೋಚ ಬೇಡ, ಹೇಳಿ."

"ಇಲ್ಲ."

ಇದು ತಪ್ಪಿಹೋಗುತ್ತದೆ ಎಂದು ಅವಳಿಗೆ ಭಯ. ಇಷ್ಟೇ ಅವಳ ಭಯ; ಯಾರ ಹತ್ತಿರ ಹೇಳಿದರೂ ನಗೆಪಾಟಲು. ಮಕ್ಕಳು ಗುರುತು ಸಿಗಲಿ ಎಂದು ಹರಕೆ ಹೊತ್ತವರ ಹಾಗೆ ಆ ಕೇಂದ್ರಕ್ಕೆ ಬರುತ್ತಾರೆ. ಇವಳು, ಗುರುತು ಸಿಗದಿರಲಪ್ಪ ಎಂದು ಹೋಗುತ್ತಾಳೆ.

*

ತಮ್ಮ ಆಗಲೇ ಬಂದು ಕೇಂದ್ರದ ಮೆಟ್ಟಿಲ ಮೇಲೆ ನಿಂತಿದ್ದ. ಇಸ್ತ್ರಿಯ ಅಂಗಿ, ಕೂದಲಿಗೆ ಎಣ್ಣೆ. ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಅಪ್ಪ, ಹೇಗಿದ್ದೀರಿ?"

ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮದು ಯಾವ ನಂಬರು? ದೂರದ್ದೋ, ಓದೋದಕ್ಕೋ?"

ತಮ್ಮನ ಮುಖ ಸಪ್ಪಗಾಯಿತು. ಅವಳಿಗೆ ನಗು ಬಂತು, ನುಂಗಿಕೊಂಡಳು.

ಹಾಡಿನ ಕೋಣೆ ಚಿಕ್ಕದು. ಹಸಿರು ಪರದೆ, ಒಂದು ಕೀಬೋರ್ಡು, ಗೂಡಿನಲ್ಲಿ ಗಿಲಕಿಗಳು, ತಾಳಗಳು, ಗೋಡೆಯಲ್ಲಿ ದೊಡ್ಡ ಅಂಕಿಗಳ ಗಡಿಯಾರ. ಟೀಚರಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಅವಳಿಗೂ ಕನ್ನಡಕ, ಮಾತಾಡುತ್ತ ಆಡುತ್ತ ಮೂಗಿನ ತುದಿಗೆ ಜಾರುತ್ತದೆ. ಸ್ವಾಗತದ ಹಾಡು ಹಾಡಿದಳು. ಅಪ್ಪ ಗುಂಡಿ ಹಾಕಿಕೊಂಡು ಕೂತ, "ಕೂತ್ಕೊಳ್ಳಿ ಮೇಡಂ," ಎಂದು ಮಗಳಿಗೆ ಕುರ್ಚಿ ತೋರಿಸಿದ. ತಮ್ಮ ಹಣೆ ಹಿಡಿದುಕೊಂಡ.

"ಶುರು ಮಾಡಿ," ಎಂದಳು ಟೀಚರ್ ತಮ್ಮನಿಗೆ. "ಗಟ್ಟಿಯಾಗಿ ಬೇಡ. ಅಂಗಡೀಲಿ ಹೇಗೆ ಕೇಳ್ತಿತ್ತೋ ಹಾಗೆ."

ತಮ್ಮ ಕಣ್ಣು ಮುಚ್ಚಿ ಗುನುಗಿದ. ನಾಲ್ಕು ಸ್ವರಕ್ಕೇ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಬೀದಿಯ ತಿರುವು. ಅಮ್ಮನ ಕೈ ರೇಡಿಯೋದ ಮೇಲೆ. ನಲವತ್ತೊಂಬತ್ತು ವರ್ಷದವಳು, ಕೈಚೀಲದೊಳಗೆ ಕೈ ಹಾಕಿ ಪುಸ್ತಕ ಹುಡುಕುತ್ತಿದ್ದೇನೆ ಎಂದು ತಿಳಿದು ಕೈ ಹೊರಗೆ ತೆಗೆದಳು.

ಟೀಚರ್ ಕೀಬೋರ್ಡಿನಲ್ಲಿ ಹಾಡನ್ನು ಹಿಂಬಾಲಿಸಿದಳು. ಅಪ್ಪನ ಬಲಗೈಯ ಎರಡು ಬೆರಳು ಮೇಲೆದ್ದು, ಗಾಳಿಯಲ್ಲಿ ಕಾಣದ ಸಣ್ಣ ತಿರುಪೊಂದನ್ನು ತಿರುಗಿಸತೊಡಗಿದವು. ತುಟಿ ಅಲ್ಲಾಡಿತು. ಆಮೇಲೆ ದನಿ ಬಂತು, ಒಡಕು ದನಿ, ಆದರೆ ಜಾಗ ತಪ್ಪದ ದನಿ. ತಮ್ಮ ಕಣ್ಣು ಬಿಟ್ಟ. ಅವನ ಕಣ್ಣು ತುಂಬಿತ್ತು.

ಗೇಟು ಹತ್ತಿರ ಬರುತ್ತಿತ್ತು. ಅವಳು ಕುರ್ಚಿಯ ಕೈ ಹಿಡಿದುಕೊಂಡಳು. ಇನ್ನೇನು ಬಂತು, ಇಲ್ಲೇ, ಇಲ್ಲೇ ಅಗುಳಿ.

ಹಾಡು ನಿಲ್ಲಲಿಲ್ಲ.

ಗೇಟನ್ನು ದಾಟಿಕೊಂಡು ಹಾಡು ಮುಂದಕ್ಕೆ ಹೋಯಿತು. ಏರುತ್ತ ಬಂದದ್ದು ಅಲ್ಲಿಂದ ಇಳಿಯತೊಡಗಿತು, ಅವಸರವಿಲ್ಲದೆ, ಒಂದೊಂದು ಸ್ವರದ ಮೇಲೂ ಸ್ವಲ್ಪ ಹೊತ್ತು ಕೂತು ಎದ್ದು. ಎಷ್ಟು ಮೆದುವಾಗಿತ್ತೆಂದರೆ, ಇದು ಬೇರೆ ಯಾರದೋ ಹಾಡಿರಬೇಕು ಎನಿಸಿತು ಅವಳಿಗೆ.

"ಇದಕ್ಕೆ ಇನ್ನೂ ಅರ್ಧ ಇತ್ತಾ?" ಎಂದು ತಮ್ಮನನ್ನು ಮೆಲ್ಲಗೆ ಕೇಳಿದಳು.

"ಇತ್ತಲ್ಲ. ಗಾಜು ಉಜ್ಜೋವಾಗ ದಿನಾ ಕೇಳ್ತಿದ್ದೆ," ಎಂದ ತಮ್ಮ. "ಅದೇ ಅಲ್ವಾ ಚೆನ್ನಾಗಿರೋದು."

ಅವಳನ್ನು ಅಂಗಡಿಗೆ ಕರೆದುಕೊಂಡು ಹೋದವರಿಲ್ಲ. ಅವಳ ಪಾಲಿಗೆ ಬಂದದ್ದು ಗೇಟಿನವರೆಗಿನದು. ತಮ್ಮನ ಮೇಲೆ, ಈ ವಯಸ್ಸಿನಲ್ಲಿ, ಮಿಠಾಯಿ ಕಸಿದುಕೊಂಡ ಮಕ್ಕಳ ಮೇಲೆ ಬರುವಂಥ ಸಿಟ್ಟು ಬಂತು.

ಹಾಡು ಮುಗಿಯಿತು. ಅಪ್ಪನ ಕಣ್ಣು ಬದಲಾಗಿತ್ತು. ಹುಬ್ಬು ಗಂಟಾಯಿತು, ಕೆಳದವಡೆ ಮುಂದೆ ಬಂತು. ಈ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಅಪ್ಪ ವಾಪಸು ಬಂದಿದ್ದ. ಪೂರ್ತಿ.

ಬಂತು ಎಂದುಕೊಂಡಳು. ತಪ್ಪಲಿಲ್ಲ.

ಟೀಚರ್ ಬರೆದುಕೊಳ್ಳುವ ಪುಸ್ತಕ ತರಲು ಎದ್ದು ಬಾಗಿಲ ಹತ್ತಿರದ ಗೂಡಿಗೆ ಹೋಗಿದ್ದಳು. ಕನ್ನಡಕ ಮೂಗಿನ ತುದಿಯಲ್ಲಿತ್ತು. ಪುಸ್ತಕ ಎದೆಗವಚಿಕೊಂಡು, ಏನಾಗುತ್ತದೋ ಎಂದು ಅಲ್ಲೇ ನಿಂತು ನೋಡುತ್ತಿದ್ದಳು.

"ಏನು ನೋಡ್ತಾ ನಿಂತಿದ್ದೀಯ?" ಎಂದ ಅಪ್ಪ. "ಬಾಗಿಲು ತೆಗೆಯೋಕೆ ಬರಲ್ವಾ? ಕಣ್ಣಿದ್ದೂ ಕುರುಡಿ."

ಟೀಚರಿಗೆ ಹೇಳಿದ್ದು.

ಟೀಚರ್ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಕಲಿತ ವಿದ್ಯೆ ಕೈ ಹಿಡಿಯಿತು. ಹೋಗಿ ಬಾಗಿಲು ತೆಗೆದಳು. "ತೆಗ್ದೆ ಅಪ್ಪ," ಎಂದಳು, ಒಂದಿಷ್ಟೂ ಬೇಜಾರಿಲ್ಲದೆ. ಅಷ್ಟು ಸಲೀಸಾಗಿ ಹೇಳಬಹುದಿತ್ತು ಅದನ್ನು.

ಅಪ್ಪ ಹೂಂಗುಟ್ಟಿದ. ಮತ್ತೆ ಪಕ್ಕಕ್ಕೆ ತಿರುಗಿದಾಗ ಅವನ ಹುಬ್ಬಿನ ಗಂಟು ಬಿಚ್ಚಿತ್ತು.

"ತಪ್ಪು ತಿಳ್ಕೋಬೇಡಿ ಮೇಡಂ. ನನ್ನ ಮಗಳು. ಸ್ವಲ್ಪ ನಿಧಾನ."

"ಪರವಾಗಿಲ್ಲ," ಎಂದಳು ಅವಳು.

"ಆದ್ರೆ ನಾನು ಯಾವಾಗ ಹೋದ್ರೂ ಬಾಗಿಲು ತೆಗೀತಾಳೆ. ಒಂದಿನ ತಪ್ಪಿಸಿದವಳಲ್ಲ. ಅವಳಿಲ್ದಿದ್ರೆ ಆ ಮನೇಲಿ ಯಾರಿದ್ದಾರೆ, ಹೇಳಿ."

"ಇದನ್ನ ಅವಳಿಗೆ ಹೇಳಿದ್ದೀರಾ?"

"ಏನನ್ನ?"

"ಏನಿಲ್ಲ ಬಿಡಿ."

ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು ಅವಳಿಗೆ. ಮಗಳ ಕೆಲಸ ಬೇರೊಬ್ಬಳ ಪಾಲಾಗಿತ್ತು, ಮೇಡಂ ಎಂದು ಕರೆಯುವ ಅತಿಥಿ ಅವಳಿಗೇ ಉಳಿದಿದ್ದ. ತಮ್ಮ ಅಳುತ್ತಿದ್ದ. ಅವನ ಬೆನ್ನು ತಟ್ಟಿದಳು, ಒಂದು ಸಲ ಹೆಚ್ಚೇ ತಟ್ಟಿದಳು.

*

ಓಣಿಯಂಥ ಮೊಗಸಾಲೆಯಲ್ಲಿ ಟೀಚರ್ ಅವಳನ್ನು ನಿಲ್ಲಿಸಿದಳು.

"ನಿಮಗೆ ನೋವಾಗಿರಬೇಕು."

"ಇಲ್ಲ."

"ಆಗಿದ್ರೆ ಆಯ್ತು ಅನ್ನಿ, ಪರವಾಗಿಲ್ಲ. ಎಷ್ಟೋ ಜನಕ್ಕೆ ಹೀಗಾಗುತ್ತೆ. ನೆನಪು ಬಂತು, ಮುಖ ತಪ್ಪಿತು, ಅಷ್ಟೆ. ಮುಂದಿನ ಸಲ ನಾನು ಹಿಂದೆ ಕೂರ್ತೀನಿ, ನೀವು ಎದುರಿಗೆ ನಿಲ್ಲಿ. ಆಗ ಸರಿಯಾದವರಿಗೇ ಸಿಗುತ್ತೆ."

"ಅವಸರವೇನಿಲ್ಲ," ಎಂದಳು. ಹೇಳಿದ ಮೇಲೆ, ಇದು ಅಪ್ಪನ ಅಂಗಡಿಯ ಮಾತು ಎಂದು ಹೊಳೆಯಿತು.

ಟೀಚರ್ ಅವಳನ್ನು ನೋಡಿದಳು. "ಆ ಹಾಡು ನಿಮಗೆ ಗೊತ್ತಿರಲಿಲ್ವಾ?"

"ಅರ್ಧ ಗೊತ್ತಿತ್ತು."

"ಮನೇಲಿ ಸ್ವಾಗತದ ಹಾಡು ಹಾಕ್ತಿಲ್ಲ ತಾನೆ?"

"ಛೇ, ಇಲ್ಲಪ್ಪ."

"ಎಂಟನೇ ಪ್ರಶ್ನೆ ಹಾಗೇ ಇದೆ. ನಿಮ್ಮ ಹಾಡು. ದಿನಕ್ಕೆ ಹತ್ತು ನಿಮಿಷ ಏನಾದ್ರೂ ಕೇಳಿ ಅಂದಿದ್ದೆನಲ್ಲ, ಕೇಳ್ತಿದ್ದೀರಾ? ನಿಮಗೋಸ್ಕರ."

"ಕೇಳ್ತೀನಿ," ಎಂದಳು. ಅದೂ ಸುಳ್ಳು. ಇಷ್ಟು ಸುಳ್ಳು ಹೇಳಿದರೂ ಈ ಹುಡುಗಿಯ ಮುಖದ ನಂಬಿಕೆ ಅಲ್ಲಾಡುವುದಿಲ್ಲವಲ್ಲ ಎಂದು ಪಾಪ ಅನ್ನಿಸಿತು.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕಳು. ನಲ್ಲಿ ಬಿಟ್ಟು, ಸದ್ದು ಹೊರಗೆ ಹೋಗದ ಹಾಗೆ ನಕ್ಕಳು. ನಗು ನಿಂತ ಮೇಲೆ ಕನ್ನಡಿಯಲ್ಲಿ ನೋಡಿಕೊಂಡಳು. ಎಷ್ಟೋ ತಿಂಗಳಿಂದ ಬಲಕ್ಕೆ ವಾಲಿದ್ದ ಕನ್ನಡಕ ನೆಟ್ಟಗೆ ಕೂತಿತ್ತು. ಅದರ ಹಿಂದಿನ ಮುಖ ಯಾರದು ಎಂದು ಕೇಳಿದ್ದರೆ ಅವಳಿಗೆ ತಕ್ಷಣ ಹೇಳಲು ಬರುತ್ತಿರಲಿಲ್ಲ.

*

ಮಧ್ಯಾಹ್ನ ಅಪ್ಪ ಮಲಗಿದ. ನಾಲ್ಕಕ್ಕೆ ಎದ್ದ, ಬೈದ, ಅವಳು ಹಾಡು ಹಾಕಿದಳು. ಅಪ್ಪ ಹೋಗಿ ಅತಿಥಿ ಬಂದು ಕೂತರು.

ಆ ಎರಡು ಗಂಟೆ ಅವರು ಬಲು ಚೆನ್ನಾಗಿ ಮಾತಾಡಿದರು. ಮೇಡಂ ಏನು ಓದಿದ್ದೀರಿ ಎಂದು ಕೇಳಿದರು. ತರ್ಕಶಾಸ್ತ್ರ ಎಂದಾಗ, ಅದೆಲ್ಲ ತಮಗೆ ತಲೆಗೆ ಹತ್ತದ ವಿಷಯ, ಆದರೆ ಓದಿದವರನ್ನು ಕಂಡರೆ ಗೌರವ ಎಂದರು. ಅವಳು ಎಂ.ಎ. ಪಾಸಾದ ದಿನ ಅಪ್ಪ, ಸರಿ, ಇನ್ನೇನು, ಎಂದಿದ್ದ. ಅತಿಥಿ ಚಹಾ ಕುಡಿದು, ಲೋಟವನ್ನು ತಾವೇ ತೊಳೆಯುವುದಾಗಿ ಹೇಳಿ ಎದ್ದರು.

ಆರು ಗಂಟೆಗೆ ಸರಿಯಾಗಿ ಅತಿಥಿಗೆ ಹೊರಡುವ ಚಡಪಡಿಕೆ ಶುರುವಾಗುತ್ತದೆ. ಮೊದಮೊದಲು ಇದರಿಂದ ಅವಳಿಗೆ ಸಾಕುಸಾಕಾಗಿತ್ತು. ಹೊತ್ತಾಯಿತು, ಮನೆಗೆ ಹೋಗಬೇಕು ಎಂದು ಎದ್ದರೆ, ಇದೇ ಮನೆ ಎಂದು ಹೇಳಿ ಒಪ್ಪಿಸುವ ಹಾಗಿಲ್ಲ. ತಡೆದರೆ ಕೂಗಾಟ, ತಳ್ಳಾಟ. ಕೊನೆಗೆ ಒಂದು ದಾರಿ ಹೊಳೆಯಿತು. ಮನೆಗೆ ಎರಡು ಬಾಗಿಲು. ಮುಂದಿನದು ಬೀದಿಯ ಕಡೆಗೆ, ಹಿಂದಿನದು ಬಟ್ಟೆ ಒಗೆಯುವ ಕಲ್ಲಿನ ಕಡೆಗೆ. ನಡುವೆ, ಗೋಡೆಗೆ ಒತ್ತಿಕೊಂಡು, ಒಬ್ಬರು ಹೋಗುವಷ್ಟು ಅಗಲದ ಸಂದಿ. ಗೇಟಿಗೆ ಬೀಗ ಹಾಕಿದರೆ ಬೇರೆ ಕಡೆ ಹೋಗಲು ದಾರಿಯಿಲ್ಲ. ಅವಳು ವಿದಾಯದ ಹಾಡು ಹಾಕುತ್ತಾಳೆ: *ಹೊತ್ತಾಯಿತು, ಹೋಗಿ ಬನ್ನಿ, ನಾಳೆ ಮತ್ತೆ ಸಿಗೋಣ.* ಅತಿಥಿ ಕೈಮುಗಿದು ಮುಂಬಾಗಿಲಿನಿಂದ ಹೊರಡುತ್ತಾರೆ. ಅವರು ಗೋಡೆ ಹಿಡಿದುಕೊಂಡು ಸಂದಿ ದಾಟುವಷ್ಟರಲ್ಲಿ ಅವಳು ಒಳಗಿನಿಂದ ಓಡಿ ಹಿಂಬಾಗಿಲ ಹಿಂದೆ ನಿಂತಿರುತ್ತಾಳೆ. ಬಾಗಿಲು ಬಡಿದ ಸದ್ದು. ಚಿಲಕ ತೆಗೆಯುತ್ತಾಳೆ.

"ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟೊತ್ತು?" ಎನ್ನುತ್ತ ಅಪ್ಪ ಒಳಗೆ ಬರುತ್ತಾನೆ.

ಒಬ್ಬ ಮನುಷ್ಯನನ್ನು ಮುಂದಿನಿಂದ ಕಳಿಸಿ ಹಿಂದಿನಿಂದ ಇನ್ನೊಬ್ಬನನ್ನು ಒಳಗೆ ಕರೆದುಕೊಳ್ಳುವ ಈ ವ್ಯವಸ್ಥೆ ಯಾವ ತರ್ಕಕ್ಕೆ ಸೇರುತ್ತದೋ, ಅವಳು ಯೋಚಿಸುವ ಗೋಜಿಗೆ ಹೋಗಿಲ್ಲ. ನಡೆಯುತ್ತಿದೆ, ಸಾಕು.

ಇವತ್ತೂ ಆರಾಯಿತು. ಹಾಡು ಹಾಕಿದಳು. ಅತಿಥಿ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಹೊಸಿಲ ಹತ್ತಿರ ನಿಂತರು, ಏನೋ ನೆನಪಾದವರ ಹಾಗೆ.

"ಮೇಡಂ, ಇವತ್ತು ನೀವೂ ಬನ್ನಿ. ದಿನಾ ನಿಮ್ಮ ಮನೇಲಿ ಚಹಾ ಕುಡಿದು ಹೋಗ್ತೀನಿ. ನಮ್ಮನೆ ಇಲ್ಲೇ, ಹಿಂದೆ."

"ಇನ್ನೊಂದಿನ ಬರ್ತೀನಿ."

"ಬನ್ನಿ ಅಂದ್ರೆ. ನನ್ನ ಮಗಳಿದ್ದಾಳೆ. ಓದಿದವಳು. ನಿಮಗೆ ಮಾತಿಗೆ ಸಿಗ್ತಾಳೆ."

ಇಲ್ಲ ಎನ್ನಲು ಬಾಯಿ ತೆರೆದಳು. ಓದಿದವಳು ಎಂಬ ಮಾತು ಕಿವಿಯಲ್ಲೇ ನಿಂತಿತ್ತು. ಚಪ್ಪಲಿಯೊಳಗೆ ಕಾಲು ತೂರಿಸಿ, ಮುಂಬಾಗಿಲನ್ನು ಎಳೆದುಕೊಂಡು, ಬೀಗ ಹಾಕಿದಳು. ಬೀಗದ ಕೈ ಮುಷ್ಟಿಯಲ್ಲಿ ಹಿಡಿದಳು.

ಸಂದಿಯಲ್ಲಿ ಅವರು ಮುಂದೆ, ಅವಳು ಹಿಂದೆ. ಬಿಸಿಲು ಗೋಡೆಯ ಮೇಲಿನ ಅಂಚಿಗೆ ಹೋಗಿತ್ತು. ನಾಲ್ಕು ಹೆಜ್ಜೆ ನಡೆದು ಅವರು ಗುನುಗಲು ಶುರುಮಾಡಿದರು. ಅವಳ ಬೆನ್ನು ಅಭ್ಯಾಸಬಲದಿಂದ ನೆಟ್ಟಗಾಯಿತು. ಆಮೇಲೆ, ನಾನು ಹೊರಗಿದ್ದೇನಲ್ಲ, ಎಂದುಕೊಂಡಳು. ಹಾಡಿನ ಜೊತೆಗೇ ನಡೆದು ಬರುತ್ತಿದ್ದೇನೆ. ರೇಡಿಯೋ ಆರಿಸಬೇಕಾದವರು, ಪುಸ್ತಕ ತೆರೆಯಬೇಕಾದವರು ಬೇರೆ ಯಾರೋ. ಭುಜ ಸಡಿಲಾಯಿತು. ಇಷ್ಟು ಹಗುರ ಅವಳಿಗೆ ಎಂದಿನಿಂದಲೋ ಆಗಿರಲಿಲ್ಲ.

ಹಿಂಬಾಗಿಲು ಬಂತು. ಅವರ ಕೈ ಬಾಗಿಲ ಮೇಲೆ ಬಿತ್ತು. ಅವಳು ಕಾದಳು. ಹಾಡು ನಿಲ್ಲಲಿಲ್ಲ, ಮೇಡಂ ಜೊತೆಗಿದ್ದಾರೆ ಎಂಬ ಮರ್ಯಾದೆಗೋ ಏನೋ, ಆ ಇನ್ನರ್ಧಕ್ಕೆ ಇಳಿಯಿತು, ಮೆಲ್ಲಗೆ, ಕೂತು, ಎದ್ದು. ಬಾಗಿಲು ಬಡಿಯುತ್ತಲೇ ಗುನುಗಿದರು.

ಒಳಗಿನಿಂದ ಚಿಲಕ ಹಾಕಿತ್ತು. ಬೆಳಿಗ್ಗೆ ಅವಳೇ ಹಾಕಿದ್ದು.

"ನಿಧಾನ ಅವಳು," ಎಂದರು. "ಬಂದೇ ಬರ್ತಾಳೆ. ನೀವೂ ಒಂದ್ಸಲ ಬಡೀರಿ ಮೇಡಂ."

ಬೀಗದ ಕೈ ಅಂಗೈಯಲ್ಲಿ ಒತ್ತುತ್ತಿತ್ತು. ಸಂದಿಯಲ್ಲಿ ಹಿಂದಕ್ಕೆ ಓಡಿ, ಮುಂದಿನಿಂದ ಒಳಹೊಕ್ಕು ಚಿಲಕ ತೆಗೆಯಲು ಅರ್ಧ ನಿಮಿಷ ಸಾಕು. ಅವಳು ಓಡಲಿಲ್ಲ. ಕೈಯೆತ್ತಿ ಬಾಗಿಲು ಬಡಿದಳು, ಪರರ ಮನೆಯ ಬಾಗಿಲು ಬಡಿಯುವವರ ಹಾಗೆ, ಎರಡೇ ಸಲ. ಅಡುಗೆಮನೆಯ ದೀಪ ಆರಿಸಲು ಮರೆತಿದ್ದಳು. ಬಾಗಿಲ ಅಡಿಯ ಸೀಳಿನಿಂದ ಬೆಳಕು ಇಬ್ಬರ ಚಪ್ಪಲಿಯ ಮೇಲೂ ಬಿದ್ದಿತ್ತು.

"ದೀಪ ಇದೆ ನೋಡಿ," ಎಂದರು ಅವರು ನೆಮ್ಮದಿಯಿಂದ. "ಒಳಗಿದ್ದಾಳೆ."

"ಹೌದು," ಎಂದಳು. "ಕಾಯೋಣ."

ಇಬ್ಬರೂ ಬಾಗಿಲ ಕಡೆಗೆ ಮುಖ ಮಾಡಿ ನಿಂತರು. ಒಳಗೆ ಹೆಜ್ಜೆಯ ಸದ್ದು ಏನಾದರೂ ಕೇಳಿಸುತ್ತದೆಯೇ ಎಂದು ಅವಳು ಕಿವಿಗೊಟ್ಟಳು.